ಪುರಸಭೆಯ ಒಳಶಾಖೆಗಳ ಕೆಲಸ ಅಳೆಯಲು ವಹಿಯೋ, ಇ-ಆಫೀಸೋ?

2011ರ ಸಕಾಲ ಕಾಯ್ದೆ ನಾಗರಿಕರ ಅರ್ಜಿಗಳಿಗೆ ಗಡುವು ಕೊಟ್ಟಿತು. ಲೆಕ್ಕ ಶಾಖೆ, ಸಿಬ್ಬಂದಿ ಶಾಖೆ, ಉಗ್ರಾಣಗಳು ತಮ್ಮದೇ ಕಚೇರಿಯವರಿಗೆ ಮಾಡಿಕೊಡುವ ಕೆಲಸಕ್ಕೆ ಅದು ಅನ್ವಯಿಸದು. ಆ ಗಡುವನ್ನು ಮುಖ್ಯಾಧಿಕಾರಿಯೇ ಹಾಕಬೇಕು. ಅದು ಪಾಲನೆಯಾಗುತ್ತಿದೆಯೇ ಎಂದು ಅಳೆಯಲು ಎರಡು ದಾರಿ.

ಕಡತ ಚಲನವಹಿ: ಯಾವ ಕಡತ ಯಾವ ದಿನ ಯಾರಿಂದ ಯಾರಿಗೆ ಹೋಯಿತೆಂದು ಕೈಯಲ್ಲಿ ಬರೆದಿಡುವ ಪುಸ್ತಕ. ಖರ್ಚಿಲ್ಲ, ತರಬೇತಿ ಬೇಡ, ಕರೆಂಟು ಹೋದರೂ ನಡೆಯುತ್ತದೆ. ಆದರೆ ಬಾಕಿ ಪಟ್ಟಿ ತೆಗೆಯಲು ಒಬ್ಬರು ಕೂತು ಪುಟ ತಿರುವಬೇಕು. ತಿಂಗಳಿಡೀ ದಿನಾಂಕಗಳು ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ತುಂಬಿದಂತಿದ್ದರೆ ಆ ವಹಿಯನ್ನು ನಂಬಬೇಡಿ.

ಇ-ಆಫೀಸ್: ಕಡತಗಳನ್ನು ಕಂಪ್ಯೂಟರಿನಲ್ಲೇ ನಡೆಸುವ ವ್ಯವಸ್ಥೆ. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ರೂಪಿಸಿದ ಇದರಲ್ಲಿ ಕಡತ ಯಾರ ಬಳಿ, ಎಂದಿನಿಂದ ಇದೆ ಎಂಬುದು ತಾನಾಗಿಯೇ ದಾಖಲಾಗುತ್ತದೆ. ತೊಡಕು ಬೇರೆ ಕಡೆ ಇದೆ. ಕಸದ ಆಟೊ ಟಿಪ್ಪರ್‌ಗೆ ಟೈರ್ ಬೇಕೆಂದು ಆರೋಗ್ಯ ನಿರೀಕ್ಷಕರು ಬೇಡಿಕೆ ಕಳಿಸಿದರು ಎನ್ನಿ. ಉಗ್ರಾಣ ಎರಡೇ ದಿನದಲ್ಲಿ ಲೆಕ್ಕ ಶಾಖೆಗೆ ದಾಟಿಸುತ್ತದೆ. ಅಲ್ಲಿಂದ ಇನ್ನೆರಡು ದಿನಕ್ಕೆ ‘ದರಪಟ್ಟಿ ಲಗತ್ತಿಸಿ ಮರುಮಂಡಿಸಿ’ ಎಂದು ವಾಪಸು. ಇಬ್ಬರೂ ಚುರುಕು, ಟಿಪ್ಪರ್ ಮಾತ್ರ ಶೆಡ್ಡಿನಲ್ಲೇ. ಹಾಗಾಗಿ ಮೇಜಿನ ಬಾಕಿಯನ್ನಷ್ಟೇ ನೋಡದೆ, ಬೇಡಿಕೆ ಬಂದ ದಿನದಿಂದ ಗಾಡಿಗೆ ಟೈರ್ ಹಾಕಿದ ದಿನದವರೆಗೆ ಎಣಿಸಿ. ಕಡತ ಎಷ್ಟು ಸಲ ವಾಪಸಾಯಿತು ಎಂಬುದನ್ನೂ ಎಣಿಸಿ. ನನ್ನ ಮಟ್ಟಿಗೆ ಅದೇ ಹೆಚ್ಚು ಹೇಳುವ ಅಂಕಿ.

ಇ-ಆಫೀಸ್ ಈಗಾಗಲೇ ಇದ್ದರೆ ಅದನ್ನೇ ಹಿಡಿಯಿರಿ. ಜತೆಗೆ ವಹಿಯನ್ನೂ ಬರೆಸಿದರೆ ಎರಡೂ ಅರೆಬರೆ. ಐದಾರು ಗುಮಾಸ್ತರಿರುವ ಪಟ್ಟಣ ಪಂಚಾಯಿತಿಗೆ ವಹಿಯೇ ಸಾಕು, ಮುಖ್ಯಾಧಿಕಾರಿ ವಾರಕ್ಕೊಮ್ಮೆ ತಾವೇ ತೆರೆದು ನೋಡುವುದಾದರೆ. ವಾಹನದ ಲಾಗ್‌ಬುಕ್ಕನ್ನಂತೂ ಎರಡರಲ್ಲಿ ಯಾವುದಿದ್ದರೂ ಡೀಸೆಲ್ ಬಿಲ್ಲಿನ ಪಕ್ಕ ಇಟ್ಟು ಬೇರೆಯಾಗಿಯೇ ತಾಳೆ ನೋಡಬೇಕು.