ಕೆಲಸ ಬಿಡಬೇಕೋ ಬೇಡವೋ: ಪಟ್ಟಿ, ನಾಣ್ಯ, ಸಲಹೆ ಮತ್ತು ಒಂದು ಫೋನ್ ಕರೆ

ಭದ್ರವಾದ ಕೆಲಸವನ್ನು ಬಿಟ್ಟು ಹೊಸದಕ್ಕೆ ಹೋಗಬೇಕೇ ಎಂದು ತೀರ್ಮಾನಿಸಲು ನಾನು ನಾಲ್ಕು ದಾರಿಗಳನ್ನು ಬಳಸಿ ನೋಡಿದ್ದೇನೆ. ಕಾಗದದ ಮೇಲೆ ಸಾಧಕ-ಬಾಧಕಗಳ ಪಟ್ಟಿ, ನಾಣ್ಯ ಚಿಮ್ಮುವುದು, ಆಪ್ತರ ಸಲಹೆ, ಮತ್ತು ಹೊಸ ಸಂಸ್ಥೆಯಲ್ಲಿ ಅದೇ ಹುದ್ದೆಯಲ್ಲಿದ್ದು ಹೊರಬಂದವರನ್ನು ಹುಡುಕಿ ಮಾತನಾಡಿಸುವುದು. ನನ್ನ ಮತ ಈ ನಾಲ್ಕನೆಯದಕ್ಕೆ. ಉಳಿದ ಮೂರರಿಂದ ಉಪಯೋಗವೇ ಇಲ್ಲ ಎನ್ನುತ್ತಿಲ್ಲ, ಆದರೆ ಆ ಒಂದು ಫೋನ್ ಕರೆ ಇಲ್ಲದಿದ್ದರೆ ನಾನು ಇವತ್ತು ಇದೇ ಹೊಸ ಕೆಲಸದಲ್ಲಿ ಇಷ್ಟು ನೆಮ್ಮದಿಯಾಗಿ ಇರುತ್ತಿರಲಿಲ್ಲ.

ನನ್ನ ಸ್ಥಿತಿ ಏನಿತ್ತು ಎಂಬುದನ್ನು ಮೊದಲೇ ಹೇಳಬೇಕು, ಏಕೆಂದರೆ ತೀರ್ಪು ಅದರ ಮೇಲೆಯೇ ನಿಂತಿದೆ. ಹಳೆಯ ಕೆಲಸದಲ್ಲಿ ಸಂಬಳ ಒಂದು ದಿನವೂ ತಡವಾಗುತ್ತಿರಲಿಲ್ಲ. ಕೆಲಸ ಕೈಗೆ ಎಷ್ಟು ಒಗ್ಗಿತ್ತೆಂದರೆ ಹೊಸದಾಗಿ ಕಲಿಯುವಂಥದ್ದು ಏನೂ ಉಳಿದಿರಲಿಲ್ಲ, ಬಡ್ತಿಯ ಮಾತು ಎತ್ತಿದಾಗಲೆಲ್ಲ ಮುಂದಿನ ವರ್ಷ ನೋಡೋಣ ಎಂಬ ಉತ್ತರ ಬರುತ್ತಿತ್ತು. ಮನೆಯಲ್ಲಿ ದುಡಿಯುವವನು ನಾನೊಬ್ಬನೇ, ತಿಂಗಳು ತಿಂಗಳು ಕಟ್ಟಬೇಕಾದ ಸಾಲದ ಕಂತು ಇದೆ. ಹೊಸ ಕೆಲಸದಲ್ಲಿ ಹುದ್ದೆ ಒಂದು ಮೆಟ್ಟಿಲು ಮೇಲೆ, ಸಂಬಳ ಕಾಗದದ ಮೇಲೆ ಶೇಕಡಾ 25ರಷ್ಟು ಹೆಚ್ಚು, ಕಚೇರಿ ಮಾತ್ರ ದೂರ.

ಮೊದಲು ಪಟ್ಟಿ. ಎಲ್ಲರೂ ಮೊದಲು ಮಾಡುವುದು ಇದನ್ನೇ, ಮತ್ತು ಇದಕ್ಕೆ ದೊಡ್ಡ ಇತಿಹಾಸವಿದೆ. ರಸಾಯನ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಚರ್ಚಿನ ಪಾದ್ರಿಯಾಗಿದ್ದರು. ವರ್ಷಕ್ಕೆ 100 ಗಿನಿ (ಒಂದು ಗಿನಿ ಎಂದರೆ ಒಂದು ಪೌಂಡಿಗಿಂತ ತುಸು ಹೆಚ್ಚು) ಸಂಬಳ, ದೊಡ್ಡ ಸಂಸಾರ, ನೆಲೆ ನಿಂತ ಬದುಕು. ಆಗ ಲಾರ್ಡ್ ಶೆಲ್ಬರ್ನ್ ಎಂಬ ಶ್ರೀಮಂತ ರಾಜಕಾರಣಿ ತಮ್ಮ ಗ್ರಂಥಾಲಯ ನೋಡಿಕೊಳ್ಳಲು ವರ್ಷಕ್ಕೆ 250 ಪೌಂಡ್ ಕೊಡುವುದಾಗಿ ಕರೆದರು. ಬಿಡಲೋ ಇರಲೋ ಎಂದು ತಿಳಿಯದೆ ಪ್ರೀಸ್ಟ್ಲಿ ತಮ್ಮ ಸ್ನೇಹಿತ, ಅಮೆರಿಕದ ರಾಜನೀತಿಜ್ಞ ಬೆಂಜಮಿನ್ ಫ್ರಾಂಕ್ಲಿನ್‌ರನ್ನು ಕೇಳಿದರು. 1772ರ ಸೆಪ್ಟೆಂಬರ್ 19ರಂದು ಫ್ರಾಂಕ್ಲಿನ್ ಬರೆದ ಉತ್ತರ ಪ್ರಸಿದ್ಧವಾಗಿದೆ. ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ಪರ, ಇನ್ನೊಂದು ಕಡೆ ವಿರೋಧ ಬರೆಯಬೇಕು. ಮೂರು ನಾಲ್ಕು ದಿನ ಯೋಚಿಸುತ್ತ, ಹೊಳೆದ ಕಾರಣಗಳನ್ನೆಲ್ಲ ಸೇರಿಸುತ್ತ ಹೋಗಬೇಕು. ಆಮೇಲೆ ಸಮತೂಕದ ಕಾರಣಗಳನ್ನು ಎರಡೂ ಕಡೆಯಿಂದ ಹೊಡೆದು ಹಾಕಿ, ಕೊನೆಗೆ ಯಾವ ಕಡೆ ಏನು ಉಳಿಯಿತು ಎಂದು ನೋಡಬೇಕು.

ನಾನೂ ಹಾಗೆಯೇ ಮಾಡಿದೆ. ಅಲ್ಲೇ ತೊಡಕು ಶುರುವಾಯಿತು, ಮತ್ತು ಇದರ ಬಗ್ಗೆ ಯಾರೂ ಸಾಕಷ್ಟು ಮಾತನಾಡುವುದಿಲ್ಲ ಎಂಬುದು ನನ್ನ ದೂರು.

ಹಳೆಯ ಕೆಲಸದ ಕಡೆ ನಾನು ಬರೆದದ್ದು ಹೀಗಿತ್ತು: ಸಂಜೆಯ ನಂತರ ಮ್ಯಾನೇಜರ್ ಕರೆ ಮಾಡುವುದಿಲ್ಲ. ನಾನು ರಜೆ ಹಾಕಿದ ದಿನ ಪಕ್ಕದ ಮೇಜಿನವರು ನನ್ನ ಕಡತಗಳನ್ನು ಕೇಳದೆಯೇ ನೋಡಿಕೊಳ್ಳುತ್ತಾರೆ. ವರ್ಷಾಂತ್ಯದ ಲೆಕ್ಕದ ಹೊತ್ತಿನಲ್ಲಿ ಬಿಟ್ಟರೆ ರಾತ್ರಿ ಕುಳಿತದ್ದಿಲ್ಲ. ಹೊಸ ಕೆಲಸದ ಕಡೆ ಬರೆದದ್ದು: ಬೆಳವಣಿಗೆಗೆ ಅವಕಾಶ, ಸವಾಲಿನ ಹೊಣೆ, ಒಳ್ಳೆಯ ವಾತಾವರಣ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದಾಗ ಕಣ್ಣಿಗೆ ಹೊಡೆಯಿತು. ಎಡಗಡೆ ಇದ್ದದ್ದೆಲ್ಲ ನಾನು ಕಂಡು ಉಂಡದ್ದು. ಬಲಗಡೆ ಇದ್ದದ್ದೆಲ್ಲ ಸಂದರ್ಶನದಲ್ಲಿ ಅವರು ಹೇಳಿದ್ದು. ಸವಾಲಿನ ಹೊಣೆ ಎಂಬುದನ್ನು, ರಜೆ ಹಾಕಿದ ದಿನದ ನಿಶ್ಚಿಂತೆಗೆ ಎದುರಾಗಿ ಯಾವ ತಕ್ಕಡಿಯಲ್ಲಿ ತೂಗಬೇಕು? ಒಂದು ನಿಜವಾದ ತೂಕ, ಇನ್ನೊಂದು ತೂಕದ ಆಶ್ವಾಸನೆ. ಇವೆರಡನ್ನೂ ಸಮ ಎಂದು ಹೊಡೆದು ಹಾಕಲು ಕೈ ಬರಲಿಲ್ಲ.

ಇನ್ನೊಂದು ವಿಷಯ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲೇ ವಿವರಿಸಿದಂತೆ, ಮನುಷ್ಯನಿಗೆ ಕಳೆದುಕೊಳ್ಳುವ ನೋವು ಅಷ್ಟೇ ಪ್ರಮಾಣದ ಗಳಿಕೆಯ ಸಂತೋಷಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಪಟ್ಟಿಯಲ್ಲಿ ಇದು ನೇರವಾಗಿ ಕೆಲಸ ಮಾಡುತ್ತದೆ. ಎಡಗಡೆಯ ಪ್ರತಿ ಸಾಲೂ ಬಿಟ್ಟುಕೊಡಬೇಕಾದ ಸಾಲು, ಹಾಗಾಗಿ ಪ್ರತಿಯೊಂದಕ್ಕೂ ಇದ್ದದ್ದಕ್ಕಿಂತ ಹೆಚ್ಚು ಭಾರ. ಅಂದರೆ ಪಟ್ಟಿ ಬರೆಯಲು ಕುಳಿತಾಗಲೇ ಅದು ಇದ್ದಲ್ಲೇ ಇರು ಎನ್ನುವ ಕಡೆ ವಾಲಿರುತ್ತದೆ. ಒಂದು ಸಂಜೆ ಅಂಕ ಹಾಕಿದರೆ ಹಳೆಯ ಕೆಲಸ ಗೆಲ್ಲುತ್ತಿತ್ತು. ಮರುದಿನ ಮ್ಯಾನೇಜರ್ ಏನಾದರೂ ಕಟುವಾಗಿ ಅಂದಿದ್ದರೆ ಅದೇ ಪಟ್ಟಿಯಲ್ಲಿ ಹೊಸದು ಗೆಲ್ಲುತ್ತಿತ್ತು. ಕಾರಣಗಳು ಬದಲಾಗಿರಲಿಲ್ಲ, ಅಂಕ ಮಾತ್ರ ಬದಲಾಗಿತ್ತು.

ಫ್ರಾಂಕ್ಲಿನ್‌ಗೆ ಇದು ಗೊತ್ತಿತ್ತು ಎಂದೇ ನನಗೆ ಅನಿಸುತ್ತದೆ. ಅದೇ ಪತ್ರದ ಆರಂಭದಲ್ಲಿ ಅವರು, ಸಾಕಷ್ಟು ವಿವರ ನನಗೆ ತಿಳಿಯದ ಕಾರಣ ಏನು ತೀರ್ಮಾನಿಸಬೇಕೆಂದು ಹೇಳಲಾರೆ, ಹೇಗೆ ತೀರ್ಮಾನಿಸಬೇಕೆಂದು ಬೇಕಾದರೆ ಹೇಳುತ್ತೇನೆ ಎಂದಿದ್ದಾರೆ. ಪಟ್ಟಿಯ ವಿಧಾನವನ್ನು ಎತ್ತಿಕೊಳ್ಳುವ ನಾವು ಆ ಮೊದಲ ಮಾತನ್ನು ಬಿಟ್ಟುಬಿಡುತ್ತೇವೆ. ವಿವರವೇ ಇಲ್ಲದಿದ್ದರೆ ವಿಧಾನ ಎಷ್ಟು ಚೆನ್ನಾಗಿದ್ದರೇನು?

ಆದರೂ ಪಟ್ಟಿಯಿಂದ ಒಂದು ದೊಡ್ಡ ಲಾಭವಾಯಿತು. ಸಂಬಳದ ಸಾಲು ಬರೆಯುವಾಗ ಆಫರ್ ಲೆಟರನ್ನು ಸಾಲು ಸಾಲಾಗಿ ಓದಬೇಕಾಯಿತು. ಹಳೆಯ ಸಂಬಳವನ್ನು 100 ಎಂದು ಇಟ್ಟುಕೊಂಡರೆ ಹೊಸದು 125. ಆದರೆ ಅದರಲ್ಲಿ ಐದನೇ ಒಂದು ಭಾಗ, ಅಂದರೆ 25, ಗುರಿ ಮುಟ್ಟಿದರೆ ಮಾತ್ರ ಸಿಗುವ ಇನ್ಸೆಂಟಿವ್. ಖಚಿತವಾಗಿ ಕೈಗೆ ಬರುವುದು ಮತ್ತೆ ಅದೇ 100! ಹೋಗಿ ಬರುವ ಸಮಯವನ್ನೂ ಸೇರಿಸಿದೆ. ಹಳೆಯದರಲ್ಲಿ ಎಂಟು ಗಂಟೆ ಕೆಲಸ, ಒಂದು ಗಂಟೆ ಪ್ರಯಾಣ. ಹೊಸದರಲ್ಲಿ ಎಂಟು ಗಂಟೆ ಕೆಲಸ, ಎರಡು ಗಂಟೆ ಪ್ರಯಾಣ. ಇನ್ಸೆಂಟಿವ್ ಬಾರದ ತಿಂಗಳಲ್ಲಿ ನನ್ನ ಒಂದು ಗಂಟೆಯ ಬೆಲೆ ಹಳೆಯದಕ್ಕಿಂತ ಹತ್ತನೇ ಒಂದು ಭಾಗ ಕಡಿಮೆಯಾಗುತ್ತಿತ್ತು. ಸಂಬಳ ಹೆಚ್ಚು ಎಂಬ ಒಂದೇ ಮಾತಿನ ಮೇಲೆ ಹೊರಡಲು ಸಿದ್ಧವಾಗಿರುವವರು ಈ ಲೆಕ್ಕವನ್ನು ಒಮ್ಮೆಯಾದರೂ ಮಾಡಲಿ ಎಂಬುದು ನನ್ನ ಕಳಕಳಿಯ ಬೇಡಿಕೆ.

ಇನ್ನು ನಾಣ್ಯ. ಕೇಳಿದವರು ನಗಬಹುದು, ಆದರೆ ಇದಕ್ಕೂ ಗಟ್ಟಿಯಾದ ಆಧಾರವಿದೆ. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್, ತೀರ್ಮಾನ ಮಾಡಲಾಗದೆ ಒದ್ದಾಡುತ್ತಿದ್ದ ಸಾವಿರಾರು ಜನರಿಗೆ ಅಂತರ್ಜಾಲದಲ್ಲಿ ನಾಣ್ಯ ಚಿಮ್ಮಲು ಅವಕಾಶ ಕೊಟ್ಟು ಅವರ ಮುಂದಿನ ತಿಂಗಳುಗಳನ್ನು ಗಮನಿಸಿದರು. ಕೆಲಸ ಬಿಡಲೇ ಎಂಬುದೂ ಅಲ್ಲಿದ್ದ ಪ್ರಶ್ನೆಗಳಲ್ಲಿ ಒಂದು. ದೊಡ್ಡ ತೀರ್ಮಾನಗಳ ವಿಷಯದಲ್ಲಿ, ಬದಲಾವಣೆಯ ಕಡೆ ಹೋದವರು ಆರು ತಿಂಗಳ ನಂತರ ಇದ್ದಲ್ಲೇ ಉಳಿದವರಿಗಿಂತ ಹೆಚ್ಚು ಸಂತೋಷವಾಗಿರುವುದಾಗಿ ಹೇಳಿದರು ಎಂದು ಅವರ ಪ್ರಬಂಧ ಹೇಳುತ್ತದೆ. ಅದು ವಿದ್ವತ್ ಪತ್ರಿಕೆಯಲ್ಲಿ ಪ್ರಕಟವಾದದ್ದು 2021ರಲ್ಲಿ.

ನಾಣ್ಯ ಚಿಮ್ಮಿದಾಗ ನನಗೆ ‘ಇರು’ ಎಂದು ಬಂತು, ಮತ್ತು ಮನಸ್ಸು ಮಂಕಾಯಿತು. ಹೋಗುವ ಆಸೆ ನನ್ನೊಳಗೆ ಎಷ್ಟಿದೆ ಎಂಬುದು ಆ ಕ್ಷಣದಲ್ಲಿ ಸ್ಪಷ್ಟವಾಯಿತು. ನಾಣ್ಯದ ಉಪಯೋಗ ಅಷ್ಟು. ಆದರೆ ಲೆವಿಟ್ ಅವರ ಪ್ರಯೋಗಕ್ಕೆ ಬಂದವರೆಲ್ಲ ಆಗಲೇ ಎರಡು ಮನಸ್ಸಿನಲ್ಲಿದ್ದವರು ಎಂಬುದನ್ನು ಮರೆಯಬಾರದು. ಅವರ ಸಂತೋಷವನ್ನು ಕಂತು ಕಟ್ಟಬೇಕಾದ ನನ್ನ ಮನೆಗೆ ನೇರವಾಗಿ ತಂದು ಕೂರಿಸುವ ಧೈರ್ಯ ನನಗಿರಲಿಲ್ಲ. ನಾಣ್ಯ ನನ್ನ ಆಸೆಯನ್ನು ತಿಳಿಸಿತು. ಹೊಸ ಜಾಗದ ಬಗ್ಗೆ ಅದಕ್ಕೆ ಏನೂ ಗೊತ್ತಿರಲಿಲ್ಲ.

ಆಪ್ತರ ಸಲಹೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭದ್ರತೆ ಇಷ್ಟಪಡುವವರು ಬಿಡಬೇಡ ಎಂದರು, ತಾವು ಕೆಲಸ ಬದಲಿಸಿ ಗೆದ್ದವರು ಹೋಗು ಎಂದರು. ಪ್ರೀತಿಯಿಂದ ಹೇಳಿದ ಮಾತುಗಳೇ, ಆದರೆ ಅವರು ಹೇಳಿದ್ದು ಅವರವರ ಬದುಕಿನ ಬಗ್ಗೆ.

ಈಗ ನನ್ನ ಮೆಚ್ಚಿನದಕ್ಕೆ ಬರುತ್ತೇನೆ. ಹೊಸ ಸಂಸ್ಥೆಯಲ್ಲಿ ನನಗೆ ಕೊಡಲಿದ್ದ ಹುದ್ದೆಯಲ್ಲೇ ಮೊದಲಿದ್ದು ಬಿಟ್ಟುಹೋಗಿದ್ದ ಮಹಿಳೆಯೊಬ್ಬರ ಸಂಪರ್ಕ ಪರಿಚಿತರ ಮೂಲಕ ಸಿಕ್ಕಿತು. ಮೊದಲು ಸಂದೇಶ ಕಳುಹಿಸಿ, ನೀವು ಕುಳಿತಿದ್ದ ಜಾಗಕ್ಕೆ ನನ್ನನ್ನು ಕರೆದಿದ್ದಾರೆ, ಬಿಡುವಾದಾಗ ಸ್ವಲ್ಪ ಮಾತನಾಡಬಹುದೇ ಎಂದು ಕೇಳಿದೆ. ಸಂಜೆ ಅವರೇ ಕರೆ ಮಾಡಿದರು.

ಅಲ್ಲಿ ಕೆಲಸ ಹೇಗಿದೆ ಮೇಡಂ ಎಂದು ಕೇಳಿದ್ದರೆ ಚೆನ್ನಾಗಿದೆ ಎಂಬ ಉತ್ತರ ಬಂದು ಮಾತು ಮುಗಿಯುತ್ತಿತ್ತು. ಅದರ ಬದಲು, ವಿಶೇಷವೇನೂ ಇಲ್ಲದ ಒಂದು ಮಂಗಳವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ ಹೇಳತೊಡಗಿದರು. ಬೆಳಗಿನ ಮೀಟಿಂಗ್ ಅರ್ಧ ಗಂಟೆ ಎಂದು ಹೇಳಿ ಒಂದೂವರೆ ಗಂಟೆ ಎಳೆಯುತ್ತದೆ. ಮಧ್ಯಾಹ್ನದವರೆಗೆ ಬೇರೆ ವಿಭಾಗಗಳ ಹಿಂದೆ ಬಿದ್ದು ಅಂಕಿಅಂಶ ಕೇಳುವುದೇ ಕೆಲಸ. ನಿಜವಾದ ಕೆಲಸಕ್ಕೆ ಕೈಹಾಕುವುದು ಊಟದ ನಂತರ, ಆದರೆ ಆ ಹೊತ್ತಿನಲ್ಲಿ ಯಾರೂ ತೊಂದರೆ ಕೊಡುವುದಿಲ್ಲ, ಮತ್ತು ಅಲ್ಲಿ ಕಲಿತದ್ದನ್ನು ಬೇರೆಲ್ಲೂ ಕಲಿಯಲು ಆಗುತ್ತಿರಲಿಲ್ಲ. ಒಟ್ಟು ದಿನ ನನ್ನ ಕಣ್ಣ ಮುಂದೆ ನಿಂತಿತು. ಬಲಗಡೆಯ ಕಾಲಮಿನಲ್ಲಿ ‘ಸವಾಲಿನ ಹೊಣೆ’ ಎಂದು ಬರೆದಿದ್ದೆನಲ್ಲ, ಅದರ ನಿಜವಾದ ರೂಪ ಇದು.

ಆಮೇಲೆ ಇನ್ಸೆಂಟಿವ್ ಬಗ್ಗೆ ಕೇಳಿದೆ. ಅವರು ತಡಮಾಡದೆ ಹೇಳಿದರು: ಬರುತ್ತದೆ, ಆದರೆ ಹೊಸಬರ ಮೊದಲ ವರ್ಷದಲ್ಲಿ ಪೂರ್ತಿ ಬಂದದ್ದನ್ನು ನಾನು ನೋಡಿಲ್ಲ, ಏಕೆಂದರೆ ಗುರಿ ನಿಗದಿಯಾಗುವುದು ನೀವು ಸೇರುವ ಮೊದಲೇ. ಸಂಬಳದ ದಿನ ಎಂದಾದರೂ ತಪ್ಪಿದ್ದುಂಟೇ? ಇಲ್ಲ. ಮತ್ತೆ ನೀವೇಕೆ ಬಿಟ್ಟಿರಿ? ಮನೆ ಬೇರೆ ಕಡೆಗೆ ಬದಲಾಯಿತು, ಇಲ್ಲದಿದ್ದರೆ ಬಿಡುತ್ತಿರಲಿಲ್ಲ. ಈ ಕೊನೆಯ ಉತ್ತರಕ್ಕೆ ನನ್ನ ಇಡೀ ಪಟ್ಟಿಗಿಂತ ಹೆಚ್ಚು ತೂಕವಿತ್ತು.

ಆ ಮಾತುಕತೆಯ ಬಲದ ಮೇಲೆ ಎಚ್‌ಆರ್ ವಿಭಾಗಕ್ಕೆ ಬರೆದೆ. ಮೊದಲ ವರ್ಷದ ಇನ್ಸೆಂಟಿವ್‌ನಲ್ಲಿ ಅರ್ಧ ಭಾಗವನ್ನು ಖಚಿತ ಸಂಬಳಕ್ಕೆ ಸೇರಿಸಿ, ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ ಮಾಡಲು ಬಿಡಿ ಎಂಬುದು ಬೇಡಿಕೆ. ಎರಡನೆಯದಕ್ಕೆ ಒಂದು ದಿನ ಮಾತ್ರ ಕೊಟ್ಟರು, ಮೊದಲನೆಯದಕ್ಕೆ ಪೂರ್ತಿ ಒಪ್ಪಿದರು. ತಿದ್ದಿದ ಪತ್ರ ಕೈಗೆ ಬಂದ ಮೇಲೆ ರಾಜೀನಾಮೆ ಕೊಟ್ಟೆ. ಹಳೆಯ ಕಚೇರಿಯಲ್ಲಿ ಆಗ ಸಂಬಳ ಹೆಚ್ಚಿಸುತ್ತೇವೆ, ಇದ್ದುಬಿಡಿ ಎಂದರು. ಅವರ ಮೇಲೆ ಗೌರವವಿದೆ, ಆದರೆ ರಾಜೀನಾಮೆ ಪತ್ರ ಮೇಜಿನ ಮೇಲೆ ಬೀಳುವ ತನಕ ಆಗದ ಬಡ್ತಿಯನ್ನು ನೆಚ್ಚಿಕೊಳ್ಳಲು ನಾನು ಸಿದ್ಧನಿರಲಿಲ್ಲ.

ಹೊಸ ಕೆಲಸದ ಹೊಗಳಿಕೆಯನ್ನು ಮೊದಲ ತಿಂಗಳುಗಳಲ್ಲಿ ಬರೆಯಬಾರದು ಎಂದು ಬೇಕೆಂದೇ ಕಾದಿದ್ದೇನೆ. ಕೆಲಸ ಬದಲಿಸುವವರ ತೃಪ್ತಿಯ ಬಗ್ಗೆ 2005ರಲ್ಲಿ ಒಂದು ಅಧ್ಯಯನ ಪ್ರಕಟವಾಗಿತ್ತು. ಹಳೆಯ ಕೆಲಸ ಬಿಡುವ ಮುನ್ನ ಕುಸಿದಿದ್ದ ತೃಪ್ತಿ ಹೊಸದಕ್ಕೆ ಸೇರಿದ ಕೂಡಲೇ ಏರಿ, ನಂತರ ಮತ್ತೆ ಇಳಿಯುತ್ತದೆ ಎಂದು ಅದು ತೋರಿಸಿತು. ನನಗೂ ಆ ಇಳಿತ ಬಂತು. ಆದರೆ ಬೆಳಗಿನ ಮೀಟಿಂಗ್ ಎಳೆಯುತ್ತದೆ ಎಂದು ಮೊದಲೇ ತಿಳಿದಿದ್ದವನಿಗೆ ಅದರಿಂದ ಆಗುವ ಬೇಸರ ಬೇರೆ, ಏನೂ ತಿಳಿಯದೆ ಬಂದು ಸಿಕ್ಕಿಬಿದ್ದವನಿಗೆ ಆಗುವ ಬೇಸರ ಬೇರೆ.

ಅಂದ ಹಾಗೆ ಪ್ರೀಸ್ಟ್ಲಿ ಹೋದರು. 1773ರಲ್ಲಿ ಶೆಲ್ಬರ್ನ್ ಅವರಲ್ಲಿ ಸೇರಿದರು. 1774ರ ಆಗಸ್ಟ್ 1ರಂದು ಪಾದರಸದ ಆಕ್ಸೈಡನ್ನು ಭೂತಗಾಜಿನಿಂದ ಕಾಯಿಸಿ ನಾವು ಇಂದು ಆಮ್ಲಜನಕ ಎನ್ನುವ ಅನಿಲವನ್ನು ಪಡೆದದ್ದು ಆ ಹೊಸ ಕೆಲಸದಲ್ಲಿದ್ದಾಗಲೇ. ನನಗೆ ಇದಕ್ಕಿಂತ ಇಷ್ಟವಾಗುವುದು ಇನ್ನೊಂದು ಸಂಗತಿ. 1780ರಲ್ಲಿ ಇಬ್ಬರೂ ಬೇರೆಯಾದಾಗ, ಮೊದಲೇ ಆಗಿದ್ದ ಒಪ್ಪಂದದಂತೆ ಪ್ರೀಸ್ಟ್ಲಿಗೆ ಜೀವನಪರ್ಯಂತ ವರ್ಷಕ್ಕೆ 150 ಪೌಂಡ್ ಸಿಗುವಂತಾಯಿತು. ಹೋಗುವ ಮುನ್ನವೇ ಹೊರಬರುವ ದಾರಿಯನ್ನೂ ಮಾತನಾಡಿಕೊಂಡಿದ್ದರು. ನಮ್ಮ ಕಾಲದಲ್ಲಿ ಅಂಥ ಪಿಂಚಣಿ ಯಾರೂ ಕೊಡುವುದಿಲ್ಲ, ಆದರೆ ಪ್ರೊಬೇಷನ್ ಎಷ್ಟು ತಿಂಗಳು, ಆ ಅವಧಿಯಲ್ಲಿ ತೆಗೆದರೆ ಎಷ್ಟು ದಿನದ ನೋಟಿಸ್ ಎಂದಾದರೂ ಕೇಳಬಹುದು.

ನನ್ನ ತೀರ್ಪು ನನ್ನಂಥವರಿಗೆ: ಒಂದೇ ದುಡಿಮೆಯ ಮನೆ, ತಪ್ಪಿಸಲಾಗದ ಕಂತು, ಗೊತ್ತಿಲ್ಲದ್ದನ್ನು ಕಂಡರೆ ನಿದ್ದೆ ಬಾರದ ಸ್ವಭಾವ. ನೀವೂ ಹಾಗಿದ್ದರೆ ಮೊದಲು ಆ ಕುರ್ಚಿಯಲ್ಲಿ ಕುಳಿತಿದ್ದವರನ್ನು ಹುಡುಕಿ, ಪಟ್ಟಿಯನ್ನು ಆಮೇಲೆ ಬರೆಯಿರಿ. ಆಗ ಎರಡೂ ಕಡೆ ನಿಜವಾದ ಸಾಲುಗಳಿರುತ್ತವೆ. ಕೈಯಲ್ಲಿ ಆರು ತಿಂಗಳ ಖರ್ಚಿಗಾಗುವಷ್ಟು ಉಳಿತಾಯವಿದ್ದು, ಮನೆಯಲ್ಲಿ ಇನ್ನೊಂದು ಸಂಬಳ ಬರುತ್ತಿದ್ದರೆ ನಾಣ್ಯವೇ ಸಾಕಾಗಬಹುದು, ನಾನು ತಡೆಯುವುದಿಲ್ಲ. ಹುದ್ದೆ ಹೊಸದಾಗಿ ಹುಟ್ಟಿದ್ದು, ಅಲ್ಲಿ ಮೊದಲು ಯಾರೂ ಇರಲಿಲ್ಲ ಎಂದಾದರೆ, ನಿಮ್ಮ ಜೊತೆ ದಿನವೂ ಕೆಲಸ ಮಾಡಲಿರುವ ಒಬ್ಬರೊಂದಿಗೆ ಸಂದರ್ಶನದ ಹೊರಗೆ ಮಾತನಾಡಿಸಿ ಎಂದು ಸಂಸ್ಥೆಯನ್ನೇ ಕೇಳಿ. ಒಳ್ಳೆಯ ಕಡೆ ಇದಕ್ಕೆ ಬೇಡ ಎನ್ನುವುದಿಲ್ಲ. ನನ್ನ ಈಗಿನ ಕಚೇರಿಗೆ ಸೇರಲು ಬರುವವರು ಹೀಗೆ ಕೇಳಿದಾಗ ನನಗೇ ಕರೆ ಬರುತ್ತದೆ, ಬೆಳಗಿನ ಮೀಟಿಂಗ್ ಸೇರಿದಂತೆ ಎಲ್ಲವನ್ನೂ ಹೇಳುತ್ತೇನೆ.