ಮೋಜಿಗೆಂದು ಕೈಗೆ ಕೊಡುವ ದೊಡ್ಡ ರೈಫಲ್ ಮುಟ್ಟಬೇಡಿ

ಟೆಕ್ಸಾಸ್ ಕಡೆ ಇರುವ ನಮ್ಮ ಮಲೆನಾಡು, ಕೊಡಗಿನ ಮಂದಿಗೆ ಮುಖ್ಯವಾಗಿ ಹೇಳುತ್ತಿದ್ದೇನೆ, ಬೇರೆಯವರೂ ಓದಿ. ರಾಂಚ್‌ಗೋ ಶೂಟಿಂಗ್ ರೇಂಜ್‌ಗೋ ಹೋದಾಗ ಯಾರಾದರೂ ನಗುನಗುತ್ತಾ ಆನೆ ಹೊಡೆಯುವ ರೈಫಲ್ ತಂದು "ಇದನ್ನೊಂದು ಹೊಡೆದು ನೋಡು" ಅಂದರೆ ಬೇಡ ಅನ್ನಿ. ಅಷ್ಟರಲ್ಲೇ ಸುತ್ತ ನಿಂತವರು ಫೋನ್ ಎತ್ತಿ ವಿಡಿಯೋ ಶುರು ಮಾಡಿದ್ದರಂತೂ ರೈಫಲ್ ಕೆಳಗಿಟ್ಟು ಎದ್ದುಬಿಡಿ. ನಿಮ್ಮ ಗುರಿ ನೋಡಲು ಯಾರೂ ವಿಡಿಯೋ ಮಾಡುವುದಿಲ್ಲ.

ಕಳೆದ ಚಳಿಗಾಲದಲ್ಲಿ ನಮ್ಮ ಭಾವನಿಗೆ ಆದದ್ದು ಇದೇ. ಭಾವ ಸಕಲೇಶಪುರದ ಕಡೆಯವರು. ಮನೆಯಲ್ಲಿ ಅಜ್ಜನ ಕಾಲದಿಂದ ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ ಜೋಡುನಳಿಗೆ ಕೋವಿ ಇದೆ. ಪ್ರತಿ ಚುನಾವಣೆಗೂ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬರುತ್ತಾರಲ್ಲ, ಅಂಥದ್ದು. ಅವರ ಕೈ ಪಳಗಿದ್ದು ಅದರಲ್ಲಿ. ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ಹೊತ್ತಿಗೆ ಮಡಿಕೇರಿ ಕಡೆಯ ಸ್ನೇಹಿತರ ಊರಿಗೆ ಹೋಗಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿ ಒಡೆದು ಬಂದವರು. ಹಾಗಾಗಿ "ಕೋವಿ ಒದೆಯೋದು ನಂಗೇನು ಹೊಸದಾ ಮಾರಾಯ" ಅನ್ನುವ ಧೈರ್ಯ ಇತ್ತು. ಮನೆಯ ಆ ಹನ್ನೆರಡು ಬೋರಿನ ಕೋವಿಯ ಮಟ್ಟಿಗೆ ಆ ಧೈರ್ಯ ಸರಿಯಾಗಿಯೇ ಇತ್ತು.

ನಾವು ಹೋಗಿದ್ದು ನೀಲಗಾಯಿ ಬೇಟೆಗೆ. ಗೊತ್ತಿಲ್ಲದವರಿಗೆ ಆಶ್ಚರ್ಯ ಆಗಬಹುದು: ನಮ್ಮ ದೇಶದ ನೀಲಗಾಯಿಯನ್ನು ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ದಕ್ಷಿಣ ಟೆಕ್ಸಾಸ್‌ನ ರಾಂಚ್‌ಗಳಿಗೆ ತಂದು ಬಿಟ್ಟರು. ಈಗ ಅಲ್ಲಿ ಸಾವಿರಾರು ಇವೆ. ಹೊರಗಿನಿಂದ ಬಂದ ಪ್ರಾಣಿ ಅನ್ನುವ ಲೆಕ್ಕದಲ್ಲಿ ಅದಕ್ಕೆ ಬೇಟೆಯ ಋತು ಅಂತಿಲ್ಲ. ಬೇಟೆ ಲೈಸೆನ್ಸ್ ಇದ್ದು, ಜಾಗದವರು ಒಪ್ಪಿದರೆ ಸಾಕು. 1972ರ ವನ್ಯಜೀವಿ ಕಾಯ್ದೆಯಿಂದಾಗಿ ಊರಲ್ಲಿ ಈಗ ಷಿಕಾರಿಯ ಮಾತೇ ಇಲ್ಲವಾದ್ದರಿಂದ, ಇಲ್ಲಿಗೆ ಬಂದ ನಮ್ಮವರಲ್ಲಿ ಕೆಲವರಿಗೆ ಇದರ ಹುಚ್ಚು ಹತ್ತುತ್ತದೆ. ಗಂಡು ನೀಲಗಾಯಿ 200 ಕಿಲೋ ದಾಟುತ್ತದೆ, ಕುತ್ತಿಗೆ, ಭುಜದ ಚರ್ಮ ದಪ್ಪ, ಸಾಮಾನ್ಯ ಏಟಿಗೆ ಬೀಳುವುದಿಲ್ಲ. ಅದಕ್ಕೇ ಅಲ್ಲಿಯವರು .300 ವಿಂಚೆಸ್ಟರ್ ಮ್ಯಾಗ್ನಮ್ ತೋಟೆಯ ರೈಫಲ್‌ಗಿಂತ ಕಡಿಮೆಯದು ತರಬೇಡಿ ಅನ್ನುತ್ತಾರೆ. ಅದು ಒಪ್ಪತಕ್ಕ ಮಾತೇ.

ಬೇಟೆಗೆ ಹೊರಡುವ ಮುಂಚೆ ರೈಫಲ್ ಗುರಿ ಸರಿಯಿದೆಯಾ ಅಂತ ರಾಂಚ್‌ನ ಸಿಮೆಂಟ್ ಬೆಂಚಿನ ಮೇಲೆ ಹೊಡೆದು ನೋಡುವ ಪದ್ಧತಿ. ಭಾವ .300ರಲ್ಲಿ ಚೆನ್ನಾಗಿಯೇ ಹೊಡೆದರು. ಆಗ ಗೈಡ್ ತನ್ನ ಗಾಡಿಯಿಂದ .458 ವಿಂಚೆಸ್ಟರ್ ಮ್ಯಾಗ್ನಮ್ ತಂದ. 1956ರಲ್ಲಿ ಆಫ್ರಿಕಾದ ಆನೆ, ಕಾಡೆಮ್ಮೆಗಳನ್ನು ಲೆಕ್ಕದಲ್ಲಿಟ್ಟು ಹೊರತಂದ ತೋಟೆ ಅದು. ಟೆಕ್ಸಾಸ್‌ನಲ್ಲಿ ಅದಕ್ಕೆ ಏನೂ ಕೆಲಸವಿಲ್ಲ. ಬಂದವರಿಗೆಲ್ಲ ಒಂದೊಂದು ಈಡು ಹೊಡೆಸಿ ನಗುವುದಷ್ಟೇ ಅದರ ಕೆಲಸ ಅಂತ ನನಗೆ ಆಮೇಲೆ ತಿಳಿಯಿತು.

ಒಬ್ಬನೂ ಒಂದು ಮಾತು ಹೇಳಿಕೊಡಲಿಲ್ಲ. ಭಾವ .300 ಹೊಡೆದ ಭಂಗಿಯಲ್ಲೇ, ಎದೆ ಬೆಂಚಿಗೆ ತಾಗಿಸಿ ಬಾಗಿ ಕೂತಿದ್ದರು. ಎಡಗೈ ಮುಂದಿನ ಮರವನ್ನು ಹಿಡಿದಿರಲಿಲ್ಲ, ಹಿಂದೆ ಮರಳಿನ ಚೀಲದ ಮೇಲಿತ್ತು. ದೂರದರ್ಶಕದ ಚಿತ್ರ ಪೂರ್ತಿ ಕಾಣಲಿ ಅಂತ ಕತ್ತು ಮುಂದೆ ಚಾಚಿದ್ದರು. ಏಕೆಂದರೆ ಆ ರೈಫಲ್‌ನ ಸ್ಕೋಪ್ ಸಣ್ಣ ಕ್ಯಾಲಿಬರ್‌ಗೆ ಹಾಕುವಂಥದ್ದು, ಕಣ್ಣು ತೀರ ಹತ್ತಿರ ಬಂದರೇನೇ ಕಾಣುತ್ತಿತ್ತು. ಈಡಾಯಿತು. ಮುಂಭಾಗ ಮೇಲಕ್ಕೆ ಹಾರಿತು, ಸ್ಕೋಪ್‌ನ ಹಿಂದಿನ ಉಕ್ಕಿನ ಬಳೆ ಬಲಹುಬ್ಬಿಗೆ ಬಡಿಯಿತು. ಒಂದು ಕ್ಷಣ ಹುಬ್ಬಿನ ಮೇಲೆ ರಕ್ತ ಕಾಣಲಿಲ್ಲ, ಬಿಳಿಯದೊಂದು ಅರ್ಧಚಂದ್ರದ ಗೆರೆ ಮಾತ್ರ. ಆಮೇಲೆ ಅದರಿಂದ ರಕ್ತ ಇಳಿದು ಕಣ್ಣು ಮುಚ್ಚಿತು. ಆ ಬಳೆಗೆ ಹುಬ್ಬಿನ ಕೂದಲು ಅಂಟಿಕೊಂಡಿತ್ತು. ಗೈಡ್ ಜೋರಾಗಿ ನಗುತ್ತಿದ್ದ. ಮ್ಯಾಗಜೀನ್‌ನಲ್ಲಿ ಇನ್ನೂ ಎರಡು ತೋಟೆ ಇದ್ದವು. ಹೊಸಬನ ಕೈಗೆ ಇಂಥ ರೈಫಲ್ ಕೊಡುವಾಗ ಒಂದೇ ತೋಟೆ ತುಂಬಬೇಕು ಅನ್ನುವ ಸಾಮಾನ್ಯ ಬುದ್ಧಿಯೂ ಅಲ್ಲಿ ಯಾರಿಗೂ ಇರಲಿಲ್ಲ.

ಹತ್ತಿರದ ಊರಿನ ಎಮರ್ಜೆನ್ಸಿಯಲ್ಲಿ ಹೊಲಿಗೆ ಹಾಕಿದರು. ಮೂಳೆ ಕಾಣುತ್ತಿತ್ತು, ಆದರೆ ಕಣ್ಣಿಗೆ ಏನೂ ಆಗಿರಲಿಲ್ಲ.

ಹನ್ನೆರಡು ಬೋರ್ ಹೊಡೆದವರು ಯಾಕೆ ಮೋಸ ಹೋಗುತ್ತಾರೆ ಅಂತ ನಾನು ಕೂತು ಲೆಕ್ಕ ಹಾಕಿದೆ. ನಮ್ಮ ಕೋವಿಯ ಸಾಮಾನ್ಯ ತೋಟೆಯಲ್ಲಿ ಚರೆ ಸುಮಾರು 32 ಗ್ರಾಂ. .458ರ 500 ಗ್ರೇನ್ ಗುಂಡೂ ಹೆಚ್ಚುಕಡಿಮೆ ಅಷ್ಟೇ, 32 ಗ್ರಾಂ ಚಿಲ್ಲರೆ. ಚರೆ ಸೆಕೆಂಡಿಗೆ 370 ಮೀಟರ್ ಹತ್ತಿರ ಹೊರಟರೆ ಗುಂಡು 640ರ ಹತ್ತಿರ. ಅದರ ಜೊತೆ ಮದ್ದು ಎರಡು ಮೂರು ಪಟ್ಟು ಹೆಚ್ಚು, ಆ ಮದ್ದು ಅನಿಲವಾಗಿ ನಳಿಗೆಯಿಂದ ನುಗ್ಗುವುದೂ ಹಿಂದಕ್ಕೆ ತಳ್ಳುತ್ತದೆ. ಮುಂದಕ್ಕೆ ಹೋದದ್ದಕ್ಕೆ ಸಮನಾಗಿ ರೈಫಲ್ ಹಿಂದಕ್ಕೆ ಬರಲೇಬೇಕಲ್ಲ. 9 ಪೌಂಡ್ ತೂಕದ .458ರ ಒದೆತ 60 ಫುಟ್-ಪೌಂಡ್ (ಒದೆತದ ಶಕ್ತಿಯ ಅಳತೆ) ದಾಟುತ್ತದೆ. ಮಾಮೂಲಿ ಹನ್ನೆರಡು ಬೋರ್ 20ರ ಆಸುಪಾಸು, ಜಿಂಕೆ ಹೊಡೆಯುವ .308 ಅದಕ್ಕಿಂತ ಸ್ವಲ್ಪ ಕಡಿಮೆ. ಆಫ್ರಿಕಾದಲ್ಲಿ ದೊಡ್ಡ ಪ್ರಾಣಿಗಳಿಗೆ ಕನಿಷ್ಠ ಅಂತ ಎಣಿಸುವ, 1912ರಷ್ಟು ಹಳೆಯ .375 ಹೆಚ್ ಅಂಡ್ ಹೆಚ್ ಕೂಡ 40ರ ಹತ್ತಿರ ನಿಲ್ಲುತ್ತದೆ. ಅಂದರೆ .458ರಲ್ಲಿ ಊರಿನ ಮೂರು ಈಡಿನ ಒದೆತ ಒಂದೇ ಸಲಕ್ಕೆ.

ಅದಕ್ಕಿಂತ ಕೆಟ್ಟದ್ದು ಬೆಂಚು. ನಿಂತು ಹೊಡೆದರೆ ಮೈ ಹಿಂದಕ್ಕೆ ತೂಗುತ್ತದೆ, ಸೊಂಟ, ಮಂಡಿ ಎಲ್ಲ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳುತ್ತವೆ. ಬೆಂಚಿಗೆ ಬಾಗಿ ಕೂತವನ ಮೈಗೆ ಹಿಂದೆ ಸರಿಯಲು ಜಾಗವೇ ಇಲ್ಲ, ಒದೆತವೆಲ್ಲ ಭುಜದ ಮೂಳೆಗೇ. ಮಲಗಿ ಹೊಡೆಯುವುದು ಇನ್ನೂ ಕಷ್ಟ. ಬಲ್ಲವರು ಇಂಥ ರೈಫಲ್‌ಗಳನ್ನು ನಿಂತೇ ಹೊಡೆಯುತ್ತಾರೆ: ಎಡಗಾಲು ಮುಂದೆ, ತೂಕ ಮುಂಗಾಲಿಗೆ, ರೈಫಲ್‌ನ ಬುಡ ಕಾಲರ್ ಮೂಳೆಗೂ ತೋಳಿನ ಕೀಲಿಗೂ ನಡುವೆ ಇರುವ ಗುಳಿಯಲ್ಲಿ, ಒಂಚೂರೂ ಸಂದಿ ಇಲ್ಲದಂತೆ. ಎಡಗೈ ಮುಂದಿನ ಮರವನ್ನು ಬಿಗಿಯಾಗಿ ಹಿಡಿದಿರಬೇಕು. ಬೆಂಚಿನಲ್ಲೇ ಹೊಡೆಯಬೇಕಾಗಿ ಬಂದರೆ ಬೆಂಚನ್ನು ಎತ್ತರ ಮಾಡಿಸಿ ನೆಟ್ಟಗೆ ಕೂರಬೇಕು, ಭುಜಕ್ಕೂ ರೈಫಲ್‌ಗೂ ನಡುವೆ ಮರಳಿನ ಸಣ್ಣ ಚೀಲ ಇಡಬೇಕು. ಸ್ಕೋಪ್ ಇದ್ದರೆ ಕಣ್ಣಿಗೂ ಅದಕ್ಕೂ ನಡುವೆ ನಾಲ್ಕು ಇಂಚು ಸಿಗದೆ ಟ್ರಿಗರ್ ಮುಟ್ಟಬಾರದು. ಸಂದಿ ಬಿಟ್ಟು ಹಗುರಾಗಿ ಹಿಡಿದರೆ ಪೆಟ್ಟು ಕಡಿಮೆ ಅಂತ ಅಲ್ಲೊಬ್ಬ ಹೇಳಿಕೊಡುತ್ತಿದ್ದ. ಸುಳ್ಳು. ಸಂದಿ ಇದ್ದರೆ ರೈಫಲ್ ವೇಗ ತೆಗೆದುಕೊಂಡು ಬಂದು ಗುದ್ದುತ್ತದೆ.

ನಳಿಗೆಯ ತುದಿಗೆ ಬ್ರೇಕ್ ಹಾಕಿದರೆ ಒದೆತ ಗಣನೀಯವಾಗಿ ಇಳಿಯುವುದು ನಿಜ. ಆದರೆ ಅನಿಲವನ್ನು ಪಕ್ಕಕ್ಕೂ ಹಿಂದಕ್ಕೂ ತಿರುಗಿಸಿ ಬಿಡುವುದರಿಂದ ಪಕ್ಕದಲ್ಲಿ ನಿಂತವನ ಕಿವಿ ಹೋಗುತ್ತದೆ. ಆಫ್ರಿಕಾದ ಎಷ್ಟೋ ಬೇಟೆ ಗೈಡ್‌ಗಳು ಅದನ್ನು ಕಂಡರೆ ಮುಖ ಸಿಂಡರಿಸುವುದು ಇದಕ್ಕೇ. ಕಿವಿಯೊಳಗೆ ಒಂದು, ಮೇಲೆ ಒಂದು ಅಂತ ಎರಡು ರಕ್ಷಣೆ ಹಾಕಿಕೊಳ್ಳಿ. ಮನುಷ್ಯ ಬೆಚ್ಚುವುದು ಒದೆತಕ್ಕೆ ಮಾತ್ರ ಅಲ್ಲ, ಅರ್ಧ ಆ ಸದ್ದಿಗೆ.

ಬೆಚ್ಚುವುದು ಅಂದೆನಲ್ಲ, ಹುಬ್ಬಿನ ಗಾಯಕ್ಕಿಂತ ನನಗೆ ಹೆಚ್ಚು ಸಿಟ್ಟು ತಂದದ್ದು ಅದು. ಗಾಯ ಮಾಗಿತು. ಕಟ್ಟಿದ ದುಡ್ಡು ವಾಪಸ್ ಕೊಡಲು ಒಪ್ಪದ ರಾಂಚ್‌ನವರು ಬೇರೆ ದಿನ ಬನ್ನಿ ಅಂದರು, ಹೋದೆವು. ಗೈಡ್ ಬೇರೆಯವನು, ಒಳ್ಳೆಯ ಮನುಷ್ಯ. ನೂರು ಗಜದೊಳಗೆ, ಅಡ್ಡಲಾಗಿ ನಿಂತ ಗಂಡು ನೀಲಗಾಯಿ, ಕೈಯಲ್ಲಿ ಅದೇ .300. ಹಿಂದೆ ಕಾಗದದ ಮೇಲೆ ಅಂಗೈ ಅಗಲದಲ್ಲಿ ಗುಂಡು ಕೂರಿಸಿದ್ದ ಭಾವ ಈ ಸಲ ಹೊಟ್ಟೆಗೆ ಹೊಡೆದರು. ಪ್ರಾಣಿ ಬೆನ್ನು ಬಾಗಿಸಿ ಮೆಸ್ಕೀಟ್ ಮುಳ್ಳುಪೊದೆಗೆ ನುಗ್ಗಿತು. ಕತ್ತಲಾಗುವವರೆಗೂ ರಕ್ತದ ಜಾಡು ಹಿಡಿದು ನಡೆದೆವು, ಮಾರನೆಯ ದಿನ ನಾಯಿ ಬಿಟ್ಟು ಹುಡುಕಿದರು, ಸಿಗಲಿಲ್ಲ. ರಕ್ತ ಕಂಡಿತೆಂದರೆ ಪ್ರಾಣಿ ಸಿಕ್ಕಿದ ಲೆಕ್ಕವೇ ಅನ್ನುವುದು ಅಲ್ಲಿನ ಕರಾರು, ಪೂರ್ತಿ ದುಡ್ಡೂ ಹೋಯಿತು. ದುಡ್ಡು ಹಾಳಾಗಲಿ, ಹೊಟ್ಟೆಗೆ ಏಟು ತಿಂದ ಪ್ರಾಣಿ ಹೇಗೆ ಸಾಯುತ್ತದೆ ಅಂತ ಭಾವನಿಗೆ ಗೊತ್ತು. ದಾರಿಯುದ್ದಕ್ಕೂ ಮಾತಾಡಲಿಲ್ಲ.

ಇಲ್ಲಿಯ ರೇಂಜ್‌ನಲ್ಲಿ ಹೇಳಿಕೊಡುವ ವಯಸ್ಸಾದವರೊಬ್ಬರು ಕಾರಣ ತೋರಿಸಿಕೊಟ್ಟರು. ಭಾವನಿಗೆ ಬೆನ್ನು ತಿರುಗಿಸಿ ನಿಲ್ಲಲು ಹೇಳಿ, ತಾವೇ ತೋಟೆ ತುಂಬಿ ಕೊಡುತ್ತಿದ್ದರು. ಕೆಲವು ನಿಜವಾದವು, ಕೆಲವು ಮದ್ದಿಲ್ಲದ ಡಮ್ಮಿ. ಯಾವುದು ಒಳಗಿದೆ ಅಂತ ಹೊಡೆಯುವವನಿಗೆ ಗೊತ್ತಿರುವುದಿಲ್ಲ. ಡಮ್ಮಿ ಬಂದಾಗ 'ಟಿಕ್' ಅಂದದ್ದಷ್ಟೇ, ಆದರೆ ನಳಿಗೆಯ ತುದಿ ಗೇಣುದ್ದ ಕೆಳಗೆ ಜಗ್ಗಿತು. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದವು. ಬರುವ ಪೆಟ್ಟಿಗೆ ಮೈ ಮೊದಲೇ ಸಿದ್ಧವಾಗುತ್ತಿತ್ತು, ತಡೆಯುವುದು ಅವರ ಕೈಯಲ್ಲಿರಲಿಲ್ಲ. "ನಾನೆಲ್ಲಿ ಕಣ್ಣು ಮುಚ್ಚಿದೆ?" ಅಂತ ಭಾವ ನನ್ನನ್ನೇ ಕೇಳಿದರು. "ಮುಚ್ಚಿದ್ರಿ ಭಾವ" ಅಂದೆ.

ಈಗ ಅವರಿಗೆ .22ರಿಂದ ಮೊದಲು ಮಾಡಿಸುತ್ತಿದ್ದಾರೆ. ಒದೆತವೇ ಇಲ್ಲದ ಆ ಸಣ್ಣ ರೈಫಲ್‌ನಲ್ಲಿ ನೂರಾರು ಈಡು, ನಡುನಡುವೆ ಡಮ್ಮಿ, ಆಮೇಲೆ .308ರಲ್ಲಿ ಬೆರಳೆಣಿಕೆಯಷ್ಟು, ಭುಜ ನೊಂದಿತು ಅನ್ನುವ ಮೊದಲೇ ನಿಲ್ಲಿಸುವುದು. ಒಂದು ಈಡಿನಲ್ಲಿ ಹತ್ತಿದ ಅಂಜಿಕೆ ಇಳಿಯಲು ತಿಂಗಳುಗಟ್ಟಲೆ ಹಿಡಿಯುತ್ತಿದೆ. ದೊಡ್ಡ ರೈಫಲ್ ಬೇಕೇ ಬೇಕು ಅನ್ನುವವರೂ ಇದೇ ಮೆಟ್ಟಿಲು ಹತ್ತಿ .375ಕ್ಕೆ ಹೋಗಲಿ, ಅದು ಸಲೀಸಾದ ಮೇಲೆ .458ರ ಮಾತು. ಅಷ್ಟು ಹೊತ್ತಿಗೆ ಹೆಚ್ಚಿನವರಿಗೆ ಅದು ಬೇಕಾಗಿರುವುದಿಲ್ಲ ಅನ್ನುವುದು ಬೇರೆ ಮಾತು.

ರಾಂಚ್‌ಗೆ ದೂರು ಬರೆದರೆ, ಒಳಗೆ ಬರುವಾಗ ಸಹಿ ಹಾಕಿದ ಕಾಗದದ ಪ್ರತಿ ಕಳಿಸಿದರು. ಏನಾದರೂ ನಾವು ಹೊಣೆಯಲ್ಲ ಅಂತ ಅದರಲ್ಲಿ ಇದೆ. ನೀವೂ ಎಲ್ಲಿಗೇ ಹೋದರೂ ಆ ಕಾಗದಕ್ಕೆ ಸಹಿ ಹಾಕಿಯೇ ಒಳಗೆ ಹೋಗುವುದು. ಆದ್ದರಿಂದ ಮುಂಗಡ ಕಟ್ಟುವ ಮೊದಲೇ ಫೋನ್ ಮಾಡಿ ಕೇಳಿ: ಯಾವ ರೈಫಲ್ ಕೊಡುತ್ತೀರಿ, ನಿಂತು ಹೊಡೆಯಲು ಜಾಗ ಇದೆಯಾ, ಮೊದಲ ಸಲ ಹೊಡೆಯುವವರ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ. "ನಮ್ಮ ಹತ್ರ ಆನೆ ರೈಫಲೂ ಇದೆ, ಬನ್ನಿ ಮಜಾ ಮಾಡೋಣ" ಅಂತ ಶುರು ಮಾಡಿದರೆ ಬೇರೆ ಜಾಗ ನೋಡಿ.

ಊರಿಂದ ಅಪ್ಪ, ಮಾವ ಬಂದಾಗ ರೇಂಜ್‌ಗೆ ಕರೆದುಕೊಂಡು ಹೋಗುವವರು ಎರಡು ವಿಷಯ ತಿಳಿದಿರಿ. ಪೇಸ್‌ಮೇಕರ್ ಹಾಕಿಸಿಕೊಂಡವರು ಅದಿರುವ ಕಡೆಯ ಭುಜಕ್ಕೆ ರೈಫಲ್ ಊರಲೇಬಾರದು. ಒದೆತಕ್ಕೆ ಅದರ ತಂತಿ ಮುರಿದ ಪ್ರಸಂಗಗಳಿವೆ. ಇನ್ನೊಂದು ಕಾನೂನಿನದು: ಪ್ರವಾಸಿ ವೀಸಾದಲ್ಲಿ ಬಂದವರು, ಹೆಚ್-1ಬಿಯಲ್ಲಿ ಇರುವವರು ಸುಮ್ಮನೆ ರೇಂಜ್‌ಗೆ ಹೋಗಿ ಬಂದೂಕು ಹಿಡಿಯುವುದೇ ಇಲ್ಲಿನ ಫೆಡರಲ್ ಕಾನೂನಿಗೆ ವಿರುದ್ಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಜೇಬಿನಲ್ಲಿದ್ದರೆ ವಿನಾಯಿತಿ ಇದೆ, ಅದು ಆನ್‌ಲೈನ್‌ನಲ್ಲೇ ಸಿಗುತ್ತದೆ. ಕೌಂಟರ್‌ನಲ್ಲಿ ಯಾರೂ ಕೇಳುವುದಿಲ್ಲ ಅಂತ ಹೋಗಿಬಿಡಬೇಡಿ, ಸಿಕ್ಕಿಬಿದ್ದರೆ ವೀಸಾಕ್ಕೇ ಕುತ್ತು.