ರೈಫಲ್‌ಗೆ ಹೊಸ ಬ್ಯಾರೆಲ್ ಹಾಕಿಸುವ ಮುಂಚೆ ಇದನ್ನೊಮ್ಮೆ ಓದಿ

ಇಲ್ಲಿ ಟೆಕ್ಸಾಸ್‌ನಲ್ಲಿ ನನ್ನ ಹಾಗೆ ಜಿಂಕೆ, ಕಾಡುಹಂದಿ ಬೇಟೆಗೆ ಅಂತ ಒಂದು ರೈಫಲ್ ಇಟ್ಟುಕೊಂಡಿರುವ ಕನ್ನಡದವರಿಗೆ ಈ ಮಾತು. ಬ್ಯಾರೆಲ್ ಬದಲಾಯಿಸಲು ದುಡ್ಡು ಎತ್ತಿಟ್ಟಿದ್ದರೆ ಸ್ವಲ್ಪ ತಡೆಯಿರಿ. ನನಗೆ 800 ಡಾಲರ್ ಹೋಯಿತು. ಅದು ಹೋಗಲಿ, ಕಣ್ಣು ಹೋಗುವುದು ಸ್ವಲ್ಪದರಲ್ಲಿ ತಪ್ಪಿತು.

ನನ್ನದು .308 (ತೋಟೆಯ ಅಳತೆ) ಬೋಲ್ಟ್ ಆಕ್ಷನ್, ಅಂದರೆ ಒಂದೊಂದು ತೋಟೆಗೂ ಬೋಲ್ಟ್ ಅನ್ನುವ ಅಗುಳಿಯನ್ನು ಕೈಯಿಂದ ಎಳೆದು ಮುಚ್ಚುವ ರೈಫಲ್. 100 ಗಜಕ್ಕೆ ಐದು ಗುಂಡು ಒಂದೂವರೆ ಇಂಚಿನೊಳಗೆ ಬೀಳುತ್ತಿದ್ದವು. ನಾನು ಜಿಂಕೆಗೆ ಹೊಡೆಯುವುದು 150 ಗಜದೊಳಗೆ, ಅದಕ್ಕೆ ಇದು ಧಾರಾಳ. ಹೋದ ವರ್ಷ ಇದ್ದಕ್ಕಿದ್ದ ಹಾಗೆ ಮೂರು ಇಂಚು ಹರಡತೊಡಗಿತು. ಬ್ಯಾರೆಲ್ ಸವೆದಿದೆ ಅಂದುಕೊಂಡೆ. ಅಲ್ಲಿಯವರೆಗೆ ಹೊಡೆದಿದ್ದು ಹೆಚ್ಚೆಂದರೆ 600 ತೋಟೆ. .308ರ ಬ್ಯಾರೆಲ್ ಸಾವಿರಾರು ತೋಟೆ ತಾಳುತ್ತದೆ. ಅಷ್ಟನ್ನೂ ನಾನು ಯಾರಲ್ಲೂ ಕೇಳಲಿಲ್ಲ.

ಸ್ಪರ್ಧೆಗೆ ಬಳಸುವ ಮ್ಯಾಚ್ ಬ್ಯಾರೆಲ್ ತರಿಸಿದೆ. ದಪ್ಪ ಇದ್ದದ್ದರಿಂದ ಹಳೇ ಮರದ ಸ್ಟಾಕ್‌ನಲ್ಲಿ ಕೂರಲಿಲ್ಲ, ಕೆತ್ತಿಸಬೇಕಾಯಿತು. ಬಂದೂಕು ಕೆಲಸ ಮಾಡುವ ಗನ್‌ಸ್ಮಿತ್ ಮೂರು ತಿಂಗಳು ಕಾಯಿಸಿ ಕೊಟ್ಟ.

ರೇಂಜ್‌ಗೆ ಹೋಗಿ ನಾಲ್ಕು ತೋಟೆ ಹೊಡೆದಿದ್ದೆ. ಅಲ್ಲಿನ ರೇಂಜ್ ಆಫೀಸರ್, ವಯಸ್ಸಾದವರು, ಕೆಳಗೆ ಬಿದ್ದಿದ್ದ ಖಾಲಿ ಕೇಸ್ (ಗುಂಡು ಹಾರಿದ ಮೇಲೆ ಉಳಿಯುವ ತೋಟೆಯ ಹಿತ್ತಾಳೆ ಕೊಳವೆ) ಒಂದನ್ನು ಎತ್ತಿ ನೋಡಿ ನನ್ನನ್ನು ನಿಲ್ಲಿಸಿದರು. ಬುಡದಿಂದ ಒಂದು ಬೆರಳಷ್ಟು ಮೇಲೆ, ಹಿತ್ತಾಳೆಯ ಸುತ್ತ ಉಂಗುರದ ಹಾಗೆ ಹೊಳೆಯುವ ಗೆರೆ. ಅವರು ಜೇಬಿನಿಂದ ಪೇಪರ್ ಕ್ಲಿಪ್ ತೆಗೆದು, ಬಿಡಿಸಿ, ತುದಿ ಬಗ್ಗಿಸಿ ನನ್ನ ಕೈಗೆ ಕೊಟ್ಟರು. ಕೇಸ್ ಒಳಗೆ ಬಿಟ್ಟು ಗೋಡೆಗೆ ತಾಗಿಸಿ ಎಳೆದೆ. ಸರಿಯಾಗಿ ಆ ಗೆರೆಯ ಹತ್ತಿರ ತುದಿ ಟಕ್ ಎಂದು ಸಿಕ್ಕಿಕೊಂಡಿತು. ಅಲ್ಲಿ ಲೋಹ ಹಿಗ್ಗಿ ತೆಳುವಾಗಿತ್ತು. ಇನ್ನೊಂದಿಷ್ಟು ಹಿಗ್ಗಿದ್ದರೆ ಕೇಸ್ ಒಳಗೇ ತುಂಡಾಗಿ ಬಿಸಿ ಗ್ಯಾಸ್ ಹಿಂದಕ್ಕೆ, ಮುಖದ ಕಡೆಗೆ ನುಗ್ಗುತ್ತಿತ್ತು.

ತೋಟೆ ಕೂರುವ ಗೂಡಾದ ಚೇಂಬರ್‌ನಲ್ಲಿ ತೋಟೆಯ ಭುಜ (ಕೇಸ್ ಕಿರಿದಾಗುವ ಇಳಿಜಾರು) ತಾಗುವ ಜಾಗದಿಂದ ಬೋಲ್ಟ್ ಮುಖದವರೆಗಿನ ಅಳತೆಗೆ ಹೆಡ್‌ಸ್ಪೇಸ್ ಅನ್ನುತ್ತಾರೆ. ಅದು ಹೆಚ್ಚಾದರೆ ಹೊಡೆದಾಗ ಕೇಸ್ ಹಿಗ್ಗುತ್ತದೆ. ಅದನ್ನು ನೋಡಲು ಗೇಜ್ ಅನ್ನುವ ಲೋಹದ ಅಚ್ಚನ್ನು ಚೇಂಬರ್‌ಗೆ ಹಾಕಿ ಬೋಲ್ಟ್ ಮುಚ್ಚಿ ನೋಡುತ್ತಾರೆ; ಗೋ ಮೇಲೆ ಮುಚ್ಚಬೇಕು. .308ಕ್ಕೆ ಗೋ ಗೇಜ್ 1.630 ಇಂಚು, ನೋ-ಗೋ ಗೇಜ್ 1.634. ಎರಡರ ನಡುವೆ ಒಂದು ಕಾಗದದಷ್ಟು ವ್ಯತ್ಯಾಸ, ಅಷ್ಟೇ. ಹೊಸ ಬ್ಯಾರೆಲ್ ಕೂರಿಸಿದಾಗ ನೋ-ಗೋ ಮೇಲೆ ಬೋಲ್ಟ್ ಮುಚ್ಚಲೇಬಾರದು. ಇನ್ನೊಬ್ಬ ಗನ್‌ಸ್ಮಿತ್ ನನ್ನೆದುರೇ ಬಳಕೆಯಲ್ಲಿರುವ ರೈಫಲ್‌ನ ಕೊನೆಯ ಮಿತಿ ನೋಡುವ 1.638ರ ಫೀಲ್ಡ್ ಗೇಜ್ ಹಾಕಿದ. ಬೋಲ್ಟ್ ಸಲೀಸಾಗಿ ಮುಚ್ಚಿಕೊಂಡಿತು. ನೋಡಿ ನನ್ನ ಕೈ ತಣ್ಣಗಾಯಿತು.

ಆಮೇಲೆ ಅವನೇ ಗುರಿ ನೋಡುವ ಸ್ಕೋಪ್ ಹಿಡಿದು ಅಲ್ಲಾಡಿಸಿದ. ಅದನ್ನು ರೈಫಲ್‌ಗೆ ಕೂರಿಸುವ ಹಿಂದಿನ ಬೇಸ್‌ನ ಸ್ಕ್ರೂ ಸಡಿಲ. ಗುಂಡು ಹರಡುತ್ತಿದ್ದದ್ದು ಅದಕ್ಕೇ!

ನಾನು ಕೊಡಗಿನವನು. ಆಯುಧ ಪೂಜಿಸುವ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಮೊದಲು ನಮ್ಮ ದೊಡ್ಡಪ್ಪ ಕೋವಿಯ ಒಂದೊಂದು ಸ್ಕ್ರೂವನ್ನೂ ಬೆರಳಲ್ಲಿ ಮುಟ್ಟಿ ನೋಡುತ್ತಿದ್ದರು. ಅದನ್ನು ನೋಡುತ್ತಲೇ ಬೆಳೆದವನು ನಾನು. ನನಗೆ ಅದು ನೆನಪಾಗಲಿಲ್ಲವಲ್ಲ ಅಂತ ತುಂಬಾ ಬೇಜಾರಾಗುತ್ತದೆ. (ಊರಿನಲ್ಲಿ ಇರುವವರಿಗೆ ಒಂದು ಮಾತು: ಸಿಕ್ಕ ಸಿಕ್ಕ ವರ್ಕ್‌ಶಾಪ್‌ನಲ್ಲಿ ಬ್ಯಾರೆಲ್ ಕೆಲಸ ಮಾಡಿಸಬೇಡಿ. ಆಯುಧ ಕಾಯ್ದೆಯಲ್ಲಿ ಬಂದೂಕಿನ ಭಾಗವೂ ಆಯುಧವೇ. ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು.)

ಹಳೇ ಬ್ಯಾರೆಲನ್ನೇ ವಾಪಸ್ ಹಾಕಿಸಿ, ಗೇಜ್ ಹಾಕಿ ನೋಡಿ, ಸ್ಕ್ರೂ ಬಿಗಿ ಮಾಡಿಸಿದೆ. ಮತ್ತೆ ಒಂದೂವರೆ ಇಂಚು. ಮೂರು ಬೇರೆ ಬೇರೆ ತೋಟೆ ಹಾಕಿ ನೋಡಿದಾಗ 168 ಗ್ರೇನ್ ತೂಕದ ಗುಂಡಿನದು ಒಂದು ಇಂಚಿನ ಹತ್ತಿರ ಬಂತು. ಅದಕ್ಕೆ ಖರ್ಚಾಗಿದ್ದು ಮೂರು ಡಬ್ಬಿ ತೋಟೆಯ ದುಡ್ಡು.

600 ಗಜದ ಸ್ಪರ್ಧೆಗೆ ಹೋಗುವವರಿಗೆ, ವರ್ಷಕ್ಕೆ ಸಾವಿರಾರು ತೋಟೆ ಹೊಡೆಯುವವರಿಗೆ ಹೊಸ ಬ್ಯಾರೆಲ್ ಬೇಕಾಗುತ್ತದೆ, ಒಪ್ಪುತ್ತೇನೆ. ನಮ್ಮಂಥವರಿಗೆ ಸುಮ್ನೆ ದಂಡ. ಅಷ್ಟಾದರೂ ಹಾಕಿಸುವುದೇ ಆದರೆ ನೋ-ಗೋ ಗೇಜನ್ನು ನಿಮ್ಮ ಕಣ್ಣೆದುರೇ ಹಾಕಿಸಿ, ಬೋಲ್ಟ್ ನಿಲ್ಲುತ್ತದಾ ನೋಡಿ. ರೇಂಜ್‌ಗೆ ಹೋಗುವಾಗ ಜೇಬಿನಲ್ಲಿ ಒಂದು ಪೇಪರ್ ಕ್ಲಿಪ್ ಇರಲಿ. ಮೊದಲ ಕೇಸ್ ಬಿದ್ದ ಕೂಡಲೇ ಎತ್ತಿ ನೋಡಿ. ಗೆರೆ ಕಂಡರೆ ಎರಡನೆಯದನ್ನು ಹೊಡೆಯಬೇಡಿ.